ಹಳೇ ತಂತ್ರಾಂಶ ಹೋಗಲಿ, ಹಳೇ ಮಾತು ಇರಲಿ

ಹರಪನಹಳ್ಳಿ ಒಂದೇ ತಲೆಮಾರಿನಲ್ಲಿ ಮೂರು ಜಿಲ್ಲೆ ಕಂಡ ತಾಲ್ಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಬಳ್ಳಾರಿಯನ್ನು ಬಿಟ್ಟು ಅತ್ತ ಹೋಯಿತು. ಸಂವಿಧಾನದ 98ನೇ ತಿದ್ದುಪಡಿಯಿಂದ ನೌಕರಿಯಲ್ಲಿ ಮೀಸಲಾತಿ ಕೊಡುವ 371(ಜೆ) ವಿಧಿ ಬಂದಾಗ ಆ ಸವಲತ್ತು ಬಳ್ಳಾರಿಗೆ ಸಿಕ್ಕಿತು, ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ತಪ್ಪಿತು. ಹೋರಾಟ ನಡೆದು ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳ ಜೊತೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಇವುಗಳ ಆದೇಶಗಳೆಲ್ಲ ಸರ್ಕಾರಿ ಕಡತದಲ್ಲಿವೆ, ಐವತ್ತು ವರ್ಷ ಬಿಟ್ಟು ಹುಡುಕಿದರೂ ಸಿಗುತ್ತವೆ. ಆದರೆ ಹೊಸಪೇಟೆ ಜಿಲ್ಲಾ ಕೇಂದ್ರವಾದರೆ ಓಡಾಟ ಎಷ್ಟು ಕಡಿಮೆಯಾದೀತು, ಮೀಸಲಾತಿಯಿಂದ ನೌಕರಿ ಯಾರಿಗೆ ಸಿಕ್ಕೀತು, ಬಳ್ಳಾರಿಯ ನಂಟು ಬಿಡಬೇಕೋ ಬೇಡವೋ ಎಂದು ಇಟ್ಟಿಗಿಯಂಥ ಊರುಗಳಿಂದ ತಾಲ್ಲೂಕು ಕೇಂದ್ರಗಳ ತನಕ ಜನ ಆಡಿದ ಮಾತು ಯಾವ ಕಡತದಲ್ಲೂ ಇಲ್ಲ. ಆ ಮಾತಿನ ಒಂದು ಪಾಲು ಬಸ್‌ಸ್ಟ್ಯಾಂಡಿನಲ್ಲಿ, ಚಹದಂಗಡಿಯಲ್ಲಿ ನಡೆದು ಗಾಳಿಗೆ ಹೋಯಿತು. ಇನ್ನೊಂದು ಪಾಲು ಫೇಸ್‌ಬುಕ್ಕಿನ ಗುಂಪುಗಳಲ್ಲಿ, ವಾಟ್ಸಾಪಿನಲ್ಲಿ ಬರಹವಾಗಿಯೇ ನಡೆಯಿತು. ಜನಸಾಮಾನ್ಯರ ವಾದ ತನ್ನಷ್ಟಕ್ಕೆ ತಾನೇ ಲಿಖಿತವಾಗುವ ಕಾಲ ನಮ್ಮ ನಾಡಿನ ಚರಿತ್ರೆಯಲ್ಲಿ ಇದೇ ಮೊದಲು. ಹಾಗೆ ಬರಹವಾಗಿದ್ದೂ ಅದು ಅಳಿದುಹೋದರೆ ಅದಕ್ಕೆ ಕಾಲವನ್ನು ದೂರುವ ಹಾಗಿಲ್ಲ.

ತೀರ್ಮಾನ ಉಳಿದು ಚರ್ಚೆ ಅಳಿಯುವುದು ಹಳೆಯ ರೂಢಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಆ ಒಂದು ಸಾಲು ಮರುದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ದಾಖಲೆಯಾಗುತ್ತದೆ. ಆ ಸಾಲನ್ನು ಮಳೆಗೆ, ಬೆಳೆಗೆ, ದರಕ್ಕೆ, ರಾಜಕೀಯಕ್ಕೆ ಹೊಂದಿಸಿ ಜನ ವರ್ಷವಿಡೀ ಮಾಡುವ ಅರ್ಥ ಎಲ್ಲೂ ದಾಖಲಾಗುವುದಿಲ್ಲ. ಮುಂದೊಂದು ದಿನ ಈ ಸೀಮೆಯ ರೈತನ ಮನಸ್ಸನ್ನು ತಿಳಿಯಲು ಹೊರಟವರಿಗೆ ಕಾರಣಿಕದ ಸಾಲಿಗಿಂತ ಆ ಅರ್ಥವೇ ಹೆಚ್ಚು ಬೇಕಾಗುತ್ತದೆ. ಚರ್ಚೆಯ ಬೆಲೆ ಇರುವುದು ಇಲ್ಲಿ. ಆದೇಶ ಏನಾಯಿತು ಎಂಬುದನ್ನಷ್ಟೇ ಹೇಳುತ್ತದೆ. ಬೇರೆ ಏನೇನು ಆಗಬಹುದಿತ್ತು, ಯಾರು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ, ಯಾರು ನಡುವೆ ಮನಸ್ಸು ಬದಲಿಸಿದರು ಎಂಬುದು ಚರ್ಚೆಯಲ್ಲಿ ಮಾತ್ರ ಸಿಗುತ್ತದೆ. ಆದ್ದರಿಂದ ಈ ಲೇಖನದ ವಾದ ಇಷ್ಟು: ಜಾಲದಲ್ಲಿ ಸಮುದಾಯವೊಂದು ಚರ್ಚೆ ನಡೆಸಿದ ತಂತ್ರಾಂಶ ಹಳತಾದಾಗ ಅದನ್ನು ನಿಲ್ಲಿಸುವುದು ಸರಿ, ನಿಲ್ಲಿಸಲೇಬೇಕು. ಆದರೆ ನಿಲ್ಲಿಸುವ ಮುನ್ನ ಅದರೊಳಗಿನ ಮಾತನ್ನು ಯಾರು ಬೇಕಾದರೂ ಓದಬಹುದಾದ ಸಾದಾ ಪುಟಗಳಾಗಿ ತೆಗೆದಿಡುವುದು ನಡೆಸುವವರ ಕರ್ತವ್ಯ. ಕನ್ನಡದ ಮಟ್ಟಿಗೆ ಈ ಕೆಲಸಕ್ಕೆ ಅವಸರ ಇನ್ನೂ ಹೆಚ್ಚು.

ಕನ್ನಡಿಗರು ಜಾಲದಲ್ಲಿ ಮಾತಾಡಲು ತೊಡಗಿದ್ದು ಕನ್ನಡ ಲಿಪಿ ಅಲ್ಲಿಗೆ ಬರುವ ಮೊದಲೇ. ಯೂಸ್‌ನೆಟ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಕರ್ನಾಟಕಕ್ಕೆಂದೇ ಒಂದು ಗುಂಪಿತ್ತು. ಹೊರದೇಶದಲ್ಲಿದ್ದ ಎಂಜಿನಿಯರುಗಳು, ವಿದ್ಯಾರ್ಥಿಗಳು ಅಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದುಕೊಳ್ಳುತ್ತಿದ್ದರು. 1996ರಲ್ಲಿ ಯು.ಬಿ. ಪವನಜ ಅವರ ‘ವಿಶ್ವಕನ್ನಡ’ ಜಾಲಪತ್ರಿಕೆ ಬಂತು. ಆಮೇಲೆ ಯಾಹೂ ಗುಂಪುಗಳು, 2004ರಲ್ಲಿ ಆರ್ಕುಟ್. 2005ರಲ್ಲಿ ಹರಿಪ್ರಸಾದ್ ನಾಡಿಗ್ ಕಟ್ಟಿದ ‘ಸಂಪದ’ ಕನ್ನಡ ಲಿಪಿಯಲ್ಲೇ ಬರೆದು, ಕನ್ನಡ ಲಿಪಿಯಲ್ಲೇ ಜಗಳಾಡುವ ಜಾಗವಾಯಿತು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಗಿ ತನ್ನ ಚರ್ಚೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದೇ ಹೆಸರಿಟ್ಟಿತು. ಇವತ್ತು ನಾವು ಫೋನಿನಲ್ಲಿ ಸಲೀಸಾಗಿ ಒತ್ತುವ ಕನ್ನಡದ ಹಿಂದೆ ಈ ಜಾಗಗಳಲ್ಲಿ ನಡೆದ ವಾದಗಳಿವೆ. ಕೀಲಿಮಣೆ ಹೇಗಿರಬೇಕು, ಟೈಪ್ ಮಾಡಲು ನುಡಿ ತಂತ್ರಾಂಶವೋ ಬರಹ ತಂತ್ರಾಂಶವೋ, ಯುನಿಕೋಡ್ ಬೇಕೋ ಬೇಡವೋ, ಕಂಪ್ಯೂಟರಿನ ಪದಗಳಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಪ್ರಶ್ನೆಗಳನ್ನು ಬಳಸುವ ಜನರೇ ಕಚ್ಚಾಡಿ ಬಿಡಿಸಿಕೊಂಡರು. ಮಹಾಪ್ರಾಣ ಅಕ್ಷರಗಳನ್ನು ಕೈಬಿಡಬೇಕೆಂಬ ಡಿ.ಎನ್. ಶಂಕರ ಭಟ್ಟರ ವಿಚಾರಕ್ಕೆ ವಿದ್ವಾಂಸರು ಕೊಟ್ಟ ಉತ್ತರ ಪುಸ್ತಕಗಳಲ್ಲಿದೆ. ಸಾಮಾನ್ಯ ಓದುಗರು ಅದಕ್ಕೆ ಹೇಗೆ ರೇಗಿದರು, ಹೇಗೆ ಮನಸೋತರು ಎಂದು ತಿಳಿಯಬೇಕಾದರೆ ಜಾಲದ ಚರ್ಚೆಗಳಿಗೇ ಹೋಗಬೇಕು. ಕನ್ನಡ ನುಡಿಯ ಚರಿತ್ರೆ ಬರೆಯುವವರಿಗೆ ಇದು ಗೌಣ ಸಾಮಗ್ರಿಯಲ್ಲ.

ಈ ಜಾಗಗಳಿಗೆ ಏನಾಯಿತು ನೋಡಿ. ಗೂಗಲ್ ನಡೆಸುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಸಾರ್ವಜನಿಕ ಸಮುದಾಯಗಳ ಚರ್ಚೆಯನ್ನು ಓದಲಷ್ಟೇ ಸಿಗುವಂತೆ ಕೆಲಕಾಲ ಇಟ್ಟಿತ್ತು, 2017ರಲ್ಲಿ ಅದನ್ನೂ ತೆಗೆಯಿತು. ಯಾಹೂ 2019ರ ಅಕ್ಟೋಬರಿನಲ್ಲಿ ತನ್ನ ಗುಂಪುಗಳ ಹಳೆಯ ಸಂದೇಶಗಳನ್ನೆಲ್ಲ ಅಳಿಸುವುದಾಗಿ ಹೇಳಿ ಎರಡು ತಿಂಗಳ ಗಡುವು ಕೊಟ್ಟಿತು. ಬಳಕೆದಾರರು ಕೂಗೆಬ್ಬಿಸಿದ ಮೇಲೆ 2020ರ ಜನವರಿ ಕೊನೆಯವರೆಗೆ ವಿಸ್ತರಿಸಿತು, ಅದೇ ವರ್ಷದ ಡಿಸೆಂಬರಿನಲ್ಲಿ ಪೂರ್ತಿ ಬಾಗಿಲು ಹಾಕಿತು. ನಮ್ಮ ಬೆಂಗಳೂರಿನದೇ ಆದ ಸಾಮಾಜಿಕ ಜಾಲತಾಣ ‘ಕೂ’ 2020ರಲ್ಲಿ ಮೊಟ್ಟಮೊದಲು ಕನ್ನಡದಲ್ಲೇ ಬಂದು, 2024ರ ಜುಲೈಯಲ್ಲಿ ಮುಚ್ಚುವ ಸುದ್ದಿ ಕೊಟ್ಟಿತು. ಇವೆಲ್ಲ ದೊಡ್ಡ ಕಂಪನಿಗಳು, ಹಾಗಾಗಿ ಸುದ್ದಿಯಾದವು. ಸುದ್ದಿಯಾಗದೆ ಹೋದ ಸಣ್ಣ ತಾಣಗಳು ಎಷ್ಟೋ: ಒಂದು ಕನ್ನಡ ಸಂಘದ್ದು, ಒಂದು ಕಾಲೇಜಿನ ಹಳೇ ವಿದ್ಯಾರ್ಥಿಗಳದ್ದು, ರೈತರು ಬೀಜ–ರೋಗದ ಬಗ್ಗೆ ಕೇಳಿಕೊಳ್ಳುತ್ತಿದ್ದದ್ದು. ಅವನ್ನು ಯಾರೂ ಬೇಕೆಂದು ಕೊಂದಿರುವುದಿಲ್ಲ. ನಡೆಸುತ್ತಿದ್ದವರಿಗೆ ನೌಕರಿ ಬದಲಾಗಿರುತ್ತದೆ, ಡೊಮೇನಿನ ಹಣ ಕಟ್ಟುವುದು ಮರೆತಿರುತ್ತದೆ, ಹೋಸ್ಟಿಂಗ್ ಕಂಪನಿ ಹಳೆಯ ಪಿಎಚ್‌ಪಿ ಆವೃತ್ತಿಯನ್ನು ತೆಗೆದ ದಿನ ತಾಣ ಬಿಳಿ ಪುಟವಾಗಿರುತ್ತದೆ. 2013ರಲ್ಲಿ ಇದ್ದ ಜಾಲಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷಗಳಲ್ಲಿ ಸಿಗದಂತಾಗಿವೆ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು.

ತಂತ್ರಾಂಶ ನಿಂತರೆ ಮಾತೂ ಏಕೆ ಹೋಗಬೇಕು ಎಂದು ತಿಳಿಯಲು ಚರ್ಚಾತಾಣದ ಒಳಗನ್ನು ಸ್ವಲ್ಪ ನೋಡಬೇಕು. ನಾವು ಓದುವ ಪುಟ ಸರ್ವರಿನಲ್ಲಿ ಪುಟವಾಗಿ ಇರುವುದೇ ಇಲ್ಲ. ಅಲ್ಲಿರುವುದು ಡೇಟಾಬೇಸಿನ ಸಾಲುಗಳು. ಒಂದು ಪ್ರತಿಕ್ರಿಯೆಗೆ ಒಂದು ಸಾಲು. ಅದರಲ್ಲಿ ಪ್ರತಿಕ್ರಿಯೆಯ ಕ್ರಮಸಂಖ್ಯೆ, ಬರೆದವರ ಹೆಸರಿನ ಬದಲು ಅವರ ಖಾತೆಯ ಸಂಖ್ಯೆ, ಬರೆದ ಹೊತ್ತು, ಬರೆದ ಮಾತು, ಇದು ಯಾವ ಪ್ರತಿಕ್ರಿಯೆಗೆ ಉತ್ತರ ಎಂದು ತೋರಿಸುವ ಇನ್ನೊಂದು ಸಂಖ್ಯೆ ಇರುತ್ತವೆ. ಹೊತ್ತು ಕೂಡ ಬಹಳ ಸಲ ತಾರೀಖಿನಂತೆ ಇರುವುದಿಲ್ಲ, 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದವು ಎಂಬ ಹತ್ತಂಕಿಯ ಒಂದು ಸಂಖ್ಯೆಯಾಗಿರುತ್ತದೆ. ನಾವು ಕೊಂಡಿ ಒತ್ತಿದಾಗಲೆಲ್ಲ ತಂತ್ರಾಂಶ ಈ ಸಾಲುಗಳನ್ನು ಹೆಕ್ಕಿ, ಹೆಸರು ಸೇರಿಸಿ, ತಾರೀಖು ಲೆಕ್ಕ ಹಾಕಿ, ಯಾರ ಕೆಳಗೆ ಯಾರು ಎಂದು ಜೋಡಿಸಿ ಪುಟ ಕಟ್ಟಿಕೊಡುತ್ತದೆ. ತಂತ್ರಾಂಶ ಹೋದರೆ ಡೇಟಾಬೇಸಿನ ಕಡತ ಉಳಿದರೂ ಅದನ್ನು ಓದಿ ಹೇಳುವವರಿಲ್ಲ. “ಬ್ಯಾಕಪ್ ಇದೆ” ಎಂದು ನೆಮ್ಮದಿಯಾಗಿರುವವರ ಬಳಿ ಇರುವುದು ಬಹಳ ಸಲ ಇಂಥ ಕಡತವೇ. ಅದರಲ್ಲೂ ಯಾವುದಕ್ಕೆ ಯಾವುದು ಉತ್ತರ ಎಂಬ ಆ ಚಿಕ್ಕ ಸಂಖ್ಯೆ ಕಳೆದರೆ ಮಾತೆಲ್ಲ ಉಳಿದೂ ಚರ್ಚೆ ಸತ್ತಂತೆ. “ಇಲ್ಲ, ನೀವು ಹೇಳಿದ್ದು ತಪ್ಪು” ಎಂಬ ಸಾಲು ಯಾರಿಗೆ ಹೇಳಿದ್ದು ಎಂದು ತಿಳಿಯದಿದ್ದರೆ ಅದಕ್ಕೆ ಏನರ್ಥ?

ಕನ್ನಡಕ್ಕೆ ಇದರ ಮೇಲೊಂದು ತೊಡಕಿದೆ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇತ್ತು. ಆದರೆ ಮನೆಯ ಕಂಪ್ಯೂಟರಿಗೆ ಅದು ತಲುಪಿದ್ದು 2001ರ ವಿಂಡೋಸ್ ಎಕ್ಸ್‌ಪಿ ತನ್ನ ‘ತುಂಗಾ’ ಫಾಂಟಿನೊಂದಿಗೆ ಬಂದ ಮೇಲೆ. ಅದಕ್ಕೆ ಮೊದಲೂ, ಆಮೇಲೆ ಬಹಳ ವರ್ಷವೂ ನಾವು ಬಳಸಿದ್ದು ಫಾಂಟಿನ ಕನ್ನಡ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸುವ ಉಪಾಯ ಅದು. ನುಡಿಯಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಮೂರಕ್ಷರದ ಪದವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಏಳು ಚಿಹ್ನೆ ಕಾಣುತ್ತವೆ. ಮೊದಲು ಇಂಗ್ಲಿಷಿನ ಪಿ, ಅದರ ಬೆನ್ನಿಗೆ ತಲೆಯ ಮೇಲೆ ಓರೆಗೆರೆ ಹೊತ್ತ ಎ, ಆಮೇಲೆ ಬ್ರಿಟನ್ನಿನ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಕೊನೆಗೆ ಮತ್ತೊಂದು ಎ. ಓದುವವನಿಗೆ ಇದು ಕಸ. ಹುಡುಕು ಯಂತ್ರಕ್ಕೂ ಕಸವೇ, ಹಾಗಾಗಿ ಇಂಥ ಪುಟ ಜಾಲದಲ್ಲಿ ಇದ್ದೂ ಇಲ್ಲದಂತೆ. ಆಗಿನ ಕನ್ನಡ ತಾಣಗಳು ಫಾಂಟನ್ನು ಪುಟದ ಜೊತೆಗೇ ಕಳಿಸುವ ಡೈನಮಿಕ್ ಫಾಂಟ್ ಉಪಾಯವನ್ನೂ ಮಾಡಿದ್ದವು. ನೆಟ್‌ಸ್ಕೇಪ್ ಒಂದು ಬಗೆಯದನ್ನು, ಇಂಟರ್ನೆಟ್ ಎಕ್ಸ್‌ಪ್ಲೋರರ್ ಇನ್ನೊಂದು ಬಗೆಯದನ್ನು ಒಪ್ಪುತ್ತಿದ್ದವು. ಆ ಬ್ರೌಸರುಗಳು ಹೋದ ಮೇಲೆ ಉಪಾಯವೂ ಹೋಯಿತು, ಪುಟಗಳ ಮೇಲೆ ಪೌಂಡಿನ ಗುರುತುಗಳು ಉಳಿದವು.

ಇಂಥ ಬರಹವನ್ನು ಯುನಿಕೋಡಿಗೆ ತರುವ ಪರಿವರ್ತಕಗಳಿವೆ, ಚೆನ್ನಾಗಿಯೂ ಕೆಲಸ ಮಾಡುತ್ತವೆ. ಆದರೆ ಅವಕ್ಕೆ ಬರಹ ಯಾವ ಫಾಂಟಿನದು ಎಂದು ಗೊತ್ತಿರಬೇಕು. ನುಡಿಯ ಲೆಕ್ಕ ಬೇರೆ, ಶ್ರೀಲಿಪಿಯ ಲೆಕ್ಕ ಬೇರೆ. ‘ಧರ್ಮ’ ಎಂಬ ಪದವನ್ನೇ ತೆಗೆದುಕೊಳ್ಳಿ. ಫಾಂಟಿನ ಕನ್ನಡದಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಧ, ಮ, ಕೊನೆಗೆ ಅರ್ಕಾವತ್ತು ಎಂದು ದಾಖಲಾಗಿರುತ್ತದೆ. ಯುನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲಿ ರಕಾರ ಮಕಾರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಪ್ರತಿ ಅರ್ಕಾವತ್ತನ್ನೂ ಹಿಂದಕ್ಕೆ ಎಳೆದು ಕೂರಿಸಬೇಕು, ಒತ್ತಕ್ಷರಗಳು ಜೊತೆಯಾದಲ್ಲಿ ಎಡವುತ್ತದೆ. ಯುನಿಕೋಡಿನಲ್ಲೇ ಬರೆದ ತಾಣಗಳೂ ಪೂರ್ತಿ ಸುರಕ್ಷಿತವಲ್ಲ. ಯುನಿಕೋಡ್ ಕನ್ನಡದ ಒಂದೊಂದು ಸಂಕೇತ ಕಡತದಲ್ಲಿ ಮೂರು ಬೈಟು ಹಿಡಿಯುತ್ತದೆ. ಹಳೆಯ ಡೇಟಾಬೇಸ್ ಅದನ್ನು ಇಂಗ್ಲಿಷ್ ಎಂದುಕೊಂಡು ಓದಿದರೆ ‘ಕ’ ಅಕ್ಷರ ಗೆರೆ ಹೊತ್ತ ಎ, ಮೇಲೇರಿದ ಪುಟ್ಟ ಎರಡು, ಒಂದು ಕಪ್ಪು ಚುಕ್ಕಿ ಎಂದು ಮೂರು ತುಂಡಾಗುತ್ತದೆ. ಗಾಬರಿ ಬೇಡ, ತುಂಡುಗಳು ಹಾಗೇ ಇದ್ದರೆ ಬಲ್ಲವರು ಅವನ್ನು ಜೋಡಿಸಿ ‘ಕ’ ಮರಳಿ ತರಬಲ್ಲರು. ಹೊಸ ಯಂತ್ರಕ್ಕೆ ಸಾಗಿಸುವ ಅವಸರದಲ್ಲಿ ಒಂದು ಆಯ್ಕೆ ತಪ್ಪಿ ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ ಕೂತರೆ ಮಾತ್ರ ಕಥೆ ಮುಗಿಯಿತು. ಆ ಚಿಹ್ನೆಯ ಹಿಂದೆ ಯಾವ ಅಕ್ಷರ ಇತ್ತೆಂದು ಯಾರಿಂದಲೂ ಹೇಳಲಾಗದು. ಹೀಗಾಗಿ ಕನ್ನಡದ ಹಳೆಯ ತಾಣವನ್ನು ಉಳಿಸುವ ಕೆಲಸವನ್ನು ಅದು ಇನ್ನೂ ಓಡುತ್ತಿರುವಾಗಲೇ, ಅದು ಯಾವ ಫಾಂಟು, ಯಾವ ಆವೃತ್ತಿ ಎಂದು ತಿಳಿದವರು ಜೊತೆಗಿರುವಾಗಲೇ ಮಾಡಬೇಕು. ಇಂಗ್ಲಿಷ್ ತಾಣದವರು ಹತ್ತು ವರ್ಷ ತಡಮಾಡಿ ಗೆದ್ದಾರು, ನಮಗೆ ಆ ಸಲೀಸು ಇಲ್ಲ.

ಹಾಗಾದರೆ ಹಳೆಯ ತಂತ್ರಾಂಶವನ್ನೇ ಓಡಿಸುತ್ತಿದ್ದರಾಯಿತಲ್ಲ ಎಂದರೆ, ಅದು ಆಗದ ಮಾತು. ‘ಸಂಪದ’ ಡ್ರೂಪಲ್ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತ ತಾಣ. ಆ ಡ್ರೂಪಲಿನ 6ನೇ ಆವೃತ್ತಿಗೆ 2016ರ ಫೆಬ್ರವರಿಯಲ್ಲಿ, 7ನೇ ಆವೃತ್ತಿಗೆ 2025ರ ಜನವರಿ 5ರಂದು ಅದನ್ನು ರೂಪಿಸಿದ ಸಮುದಾಯವೇ ಬೆಂಬಲ ನಿಲ್ಲಿಸಿತು. ಬೆಂಬಲ ನಿಂತ ಮೇಲೆ ಸಿಗುವ ಹೊಸ ಕಿಂಡಿಗಳನ್ನು ಮುಚ್ಚುವವರಿಲ್ಲ. 2014ರಲ್ಲಿ ಡ್ರೂಪಲಿನ ಒಂದು ಕಿಂಡಿ ಬಯಲಾದಾಗ ಕೆಲವೇ ಗಂಟೆಗಳಲ್ಲಿ ದಾಳಿ ಶುರುವಾಗಿತ್ತು. ಸದಸ್ಯರ ಇಮೇಲು, ಗುಪ್ತಪದಗಳನ್ನು ಹೊತ್ತ ಹಳೆಯ ತಾಣವನ್ನು ಅಭಿಮಾನಕ್ಕಾಗಿ ತೆರೆದಿಡುವುದು ಆ ಸದಸ್ಯರಿಗೇ ಮಾಡುವ ದ್ರೋಹ. ಹೊಸ ಆವೃತ್ತಿಗೆ ಏರಿಸುವುದು ಇನ್ನೊಂದು ದಾರಿ. ಆದರೆ ಡ್ರೂಪಲ್ 7ರಿಂದ ಮುಂದಕ್ಕೆ ಹೋಗುವುದೆಂದರೆ ಮನೆಯನ್ನು ಹೊಸದಾಗಿ ಕಟ್ಟಿಸಿದಷ್ಟು ಕೆಲಸ, ಹವ್ಯಾಸಕ್ಕೆ ನಡೆಸುವವರ ಕೈಮೀರಿದ ಖರ್ಚು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ ಎಂಬುದೇ ಬಹಳ ಮಂದಿಗೆ ತಿಳಿದಿಲ್ಲ. ತಂತ್ರಾಂಶ ಬದುಕಿರುವಾಗಲೇ ಅದು ಕಟ್ಟಿಕೊಡುವ ಪ್ರತಿ ಪುಟವನ್ನೂ ಒಂದು ಸಲ ಕಟ್ಟಿಸಿ, ಸಾದಾ ಎಚ್‌ಟಿಎಂಎಲ್ ಕಡತವಾಗಿ ಇಳಿಸಿಕೊಂಡು, ಅದೇ ವಿಳಾಸದಲ್ಲಿ ಇಟ್ಟುಬಿಡುವುದು. ಆಮೇಲೆ ತಂತ್ರಾಂಶವೂ ಬೇಡ, ಡೇಟಾಬೇಸೂ ಬೇಡ. ಲಾಗಿನ್ ಇಲ್ಲ, ಹೊಸದಾಗಿ ಬರೆಯುವಂತಿಲ್ಲ, ಓದಬಹುದು ಅಷ್ಟೆ. ಗುಪ್ತಪದ ಅಲ್ಲಿಲ್ಲದಿರುವಾಗ ಕದಿಯಲು ಏನೂ ಇಲ್ಲ. ಹಳೆಯ ಲೇಖನ, ಪುಸ್ತಕಗಳಲ್ಲಿ ಕೊಟ್ಟ ಕೊಂಡಿಗಳೂ ಮುರಿಯುವುದಿಲ್ಲ. ಬರಿಯ ಬರಹವಿರುವ ಸಾವಿರಾರು ಪುಟಗಳು ಇವತ್ತಿನ ಒಂದು ಪೆನ್‌ಡ್ರೈವಿನ ಮೂಲೆಯಲ್ಲಿ ಹಿಡಿಯುತ್ತವೆ. ಶಾಸನತಜ್ಞರು ಕಲ್ಲನ್ನು ಹೊತ್ತೊಯ್ಯದೆ ಅದರ ಪಡಿಯಚ್ಚು ತೆಗೆಯುವ ಹಾಗೆ ಇದು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳನ್ನು ನಾವು ಇಂದು ಮನೆಯಲ್ಲೇ ಕೂತು ಓದುವುದು ಆ ಪಡಿಯಚ್ಚುಗಳಿಂದ.

ಈ ದಾರಿಯಲ್ಲಿ ನಡೆದವರೂ ಇದ್ದಾರೆ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಕೆಲವು ವಿಕಿಗಳಲ್ಲಿ ಚರ್ಚೆಗೆಂದೇ ‘ಫ್ಲೋ’ ಎಂಬ ತಂತ್ರಾಂಶವನ್ನು ತಂದಿತ್ತು. ಬಳಕೆದಾರರಿಗೆ ಅದು ಹಿಡಿಸಲಿಲ್ಲ. ಕೈಬಿಡುವಾಗ ಅದರೊಳಗಿನ ಚರ್ಚೆಗಳನ್ನು ಮಾಮೂಲಿ ವಿಕಿಪುಟಗಳಾಗಿ ಬದಲಿಸುವ ಕೆಲಸಕ್ಕೆ ಕೈಹಾಕಿತು. ಅದಲ್ಲದೆ ಕನ್ನಡವೂ ಸೇರಿ ಎಲ್ಲ ವಿಕಿಪೀಡಿಯಗಳ ಬರಹವನ್ನು ಆಗಾಗ ಒಂದು ಕಡತವಾಗಿ ಹೊರಗೆ ಹಾಕುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾಳೆ ವಿಕಿಮೀಡಿಯವೇ ಇಲ್ಲದಿದ್ದರೂ ‘ಅರಳಿ ಕಟ್ಟೆ’ಯ ಮಾತು ಎಲ್ಲೋ ಒಬ್ಬರ ಬಳಿ ಇರುತ್ತದೆ. ಅವರಿಗೆ ಹಣವಿದೆ, ಸಣ್ಣ ತಾಣದವರಿಗೆ ಎಲ್ಲಿಂದ ಬರಬೇಕು ಎನ್ನಬಹುದು. ಆದರೆ ಇಲ್ಲಿ ಹಣಕ್ಕಿಂತ ಹೆಚ್ಚು ಕೆಲಸ ಮಾಡಿದ್ದು, ಚರ್ಚೆ ಸಮುದಾಯದ್ದು, ತಂತ್ರಾಂಶ ನಮ್ಮದು ಎಂದು ಎರಡನ್ನೂ ಬೇರೆಬೇರೆ ನೋಡುವ ಬುದ್ಧಿ. ಪುಟ ಇಳಿಸಿಕೊಳ್ಳುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ, ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ ರಜೆಯಲ್ಲಿ ಕಲಿತು ಮಾಡಬಹುದಾದಷ್ಟು ಸರಳವಾಗಿವೆ.

ಅಷ್ಟೆಲ್ಲ ಮಾಡಿ ಉಳಿಸುವುದು ಏನನ್ನು, ಹಬ್ಬದ ಶುಭಾಶಯ, ಬೈಗುಳ, ಸಿನಿಮಾ ಜಗಳ ತಾನೆ ಎಂಬ ಆಕ್ಷೇಪ ಎಲ್ಲಕ್ಕಿಂತ ಹೆಚ್ಚು ಕೇಳಿಬರುತ್ತದೆ. ಇದಕ್ಕೆ ಉತ್ತರ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿದೆ. ಅಲ್ಲಿನ ಪ್ರಾಣಿಶಾಸ್ತ್ರ ವಿಭಾಗದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ 1991ರವರೆಗೆ ಯೂಸ್‌ನೆಟ್ಟಿನ ಸಂದೇಶಗಳನ್ನು ಟೇಪಿಗೆ ತುಂಬಿಸಿಡುತ್ತಿದ್ದರು. ಅಂಥ 141 ಟೇಪುಗಳಾದವು. ಅವುಗಳಲ್ಲಿ ಸುಮಾರು 20 ಲಕ್ಷ ಸಂದೇಶಗಳಿದ್ದವು. ಆಗಿನವರ ಕಣ್ಣಿಗೆ ಅವು ಹುಡುಗರ ಹರಟೆ. 2001ರ ಡಿಸೆಂಬರಿನಲ್ಲಿ ಗೂಗಲ್ ಇವನ್ನೂ ಬೇರೆಯವರು ಕಾಪಿಟ್ಟಿದ್ದನ್ನೂ ಸೇರಿಸಿ 20 ವರ್ಷಗಳ ಭಂಡಾರ ತೆರೆದಾಗ ಇಡೀ ಅಂತರ್ಜಾಲದ ಬಾಲ್ಯವೇ ಅಲ್ಲಿ ಸಿಕ್ಕಿತು. ಲಿನಸ್ ಟೊರ್ವಾಲ್ಡ್ಸ್ ತಾನೊಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿದ್ದೇನೆ, ಬರೀ ಹವ್ಯಾಸಕ್ಕೆ ಎಂದು 1991ರ ಆಗಸ್ಟಿನಲ್ಲಿ ತಿಳಿಸಿದ್ದು ಇಂಥದೇ ಒಂದು ಗುಂಪಿನಲ್ಲಿ. ಆ ವ್ಯವಸ್ಥೆ ಲಿನಕ್ಸ್ ಆಗಿ, ಇವತ್ತು ನಮ್ಮ ಆಂಡ್ರಾಯ್ಡ್ ಫೋನುಗಳ ಒಳಗೆಲ್ಲ ಇದೆ. ಯಾವ ಮಾತು ಮುಂದೆ ಬೆಲೆ ಪಡೆದೀತು ಎಂದು ಆಡುವ ಹೊತ್ತಿಗೆ ಆಡುವವರಿಗೂ ತಿಳಿಯುವುದಿಲ್ಲ. ಆಯ್ದು ಉಳಿಸುತ್ತೇವೆ ಎಂದು ಹೊರಟವರು ತಮ್ಮ ಕಾಲದ ಅಭಿರುಚಿಯನ್ನಷ್ಟೇ ಉಳಿಸುತ್ತಾರೆ. ಸಿನಿಮಾ ಜಗಳವನ್ನು ಬಿಸಾಕಿದರೆ ಕನ್ನಡಕ್ಕೆ ಡಬ್ಬಿಂಗ್ ಬೇಕೋ ಬೇಡವೋ ಎಂದು ಪ್ರೇಕ್ಷಕರು ನಡೆಸಿದ ವಾದವೂ ಅದರ ಜೊತೆಗೇ ಹೋಗುತ್ತದೆ. ಹತ್ತಿರ ಹತ್ತಿರ ಅರ್ಧ ಶತಮಾನ ಉದ್ಯಮವನ್ನು ಕಾಡಿದ ಪ್ರಶ್ನೆ ಅದು.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇಪ್ಪತ್ತರ ಹರೆಯದಲ್ಲಿ ದುಡುಕಿ ಬರೆದದ್ದನ್ನು ನಲವತ್ತರಲ್ಲಿ ಯಾರಾದರೂ ತೆಗೆದು ತೋರಿಸುವುದು ನ್ಯಾಯವೇ? ಮರೆಯುವ ಹಕ್ಕು ಮನುಷ್ಯನಿಗೆ ಬೇಡವೇ? ಬೇಕು. 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಪುಟ್ಟಸ್ವಾಮಿ ಪ್ರಕರಣದಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಪ್ರಕರಣ ಹೂಡಿದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ಅಳಿಸಿರೆಂದು ಕೇಳುವ ಹಕ್ಕನ್ನು ಕೊಡುತ್ತದೆ. ಆದರೆ ಈ ಹಕ್ಕನ್ನು ಮಾನ್ಯ ಮಾಡಲು ಇಡೀ ದಾಖಲೆಯನ್ನು ಸುಡಬೇಕಿಲ್ಲ ಎಂಬುದಕ್ಕೂ ದಾರಿ ತೋರಿಸಿದ್ದು ಕರ್ನಾಟಕ ಹೈಕೋರ್ಟೇ. 2017ರ ಜನವರಿಯಲ್ಲಿ ತಂದೆಯೊಬ್ಬರು ಹಳೆಯ ಆದೇಶವೊಂದರಲ್ಲಿ ಮಗಳ ಹೆಸರು ಕಾಣದಂತೆ ಮಾಡಿರೆಂದು ಕೇಳಿಕೊಂಡಾಗ, ಜಾಲದ ಹುಡುಕಾಟದಲ್ಲಿ ಆ ಹೆಸರು ಬಾರದಂತೆ ನೋಡಿಕೊಳ್ಳಲು ಕೋರ್ಟ್ ತನ್ನ ಕಚೇರಿಗೆ ಹೇಳಿತು, ಮೂಲ ಆದೇಶದ ದೃಢೀಕೃತ ಪ್ರತಿಯಲ್ಲಿ ಮಾತ್ರ ಹೆಸರು ಇದ್ದೇ ಇರುತ್ತದೆ ಎಂದಿತು. ಹಳೆಯ ಚರ್ಚೆಗಳಿಗೂ ಇದೇ ವಿವೇಕ ಸಾಕು. ಎಲ್ಲರಿಗೂ ತೆರೆದಿದ್ದ ಜಾಗದಲ್ಲಿ ಆಡಿದ್ದನ್ನು ಮಾತ್ರ ತೆರೆದಿಡಬೇಕು. ಸದಸ್ಯರಿಗಷ್ಟೇ ಇದ್ದದ್ದನ್ನು ಸದಸ್ಯರನ್ನು ಕೇಳದೆ ಹೊರಗೆ ಹಾಕಬಾರದು. ಇಮೇಲು, ಫೋನ್ ನಂಬರು, ಖಾಸಗಿ ಸಂದೇಶಗಳನ್ನು ಇಳಿಸಿಕೊಳ್ಳುವ ಮೊದಲೇ ತೆಗೆಯಬೇಕು. ಯಾರಾದರೂ ತನ್ನ ಹೆಸರು ಬೇಡ ಎಂದರೆ ಹೆಸರನ್ನು ಮರೆಮಾಡಿ ಮಾತನ್ನು ಬಿಡಬೇಕು, ಏಕೆಂದರೆ ಒಂದು ಮಾತನ್ನು ಕಿತ್ತರೆ ಅದಕ್ಕೆ ಉತ್ತರ ಕೊಟ್ಟ ಹತ್ತು ಜನರ ಮಾತು ಅರ್ಥಗೆಡುತ್ತದೆ, ಅವರಿಗೂ ಒಂದು ಹಕ್ಕಿದೆ. ಜೀವಕ್ಕೆ, ಮಾನಕ್ಕೆ ಕುತ್ತು ತರುವಂಥದ್ದಾದರೆ ಮಾತನ್ನೂ ತೆಗೆಯಬೇಕು, ಅದರಲ್ಲಿ ಚೌಕಾಸಿ ಇಲ್ಲ. ತಾಣ ಮುಚ್ಚುವ ಆರು ತಿಂಗಳ ಮುಂಚೆ ಹೀಗೆ ಮಾಡಲಿದ್ದೇವೆ ಎಂದು ಪ್ರಕಟಿಸಿದರೆ ಬೇಡ ಎನ್ನುವವರಿಗೆ ಹೇಳಲು ಸಮಯ ಸಿಗುತ್ತದೆ. ಹೇಳದೆ ಕೇಳದೆ ಅಳಿಸುವುದು ಖಾಸಗಿತನದ ಹೆಸರಿನಲ್ಲಿ ನಡೆದರೂ ಸದಸ್ಯರ ಇಚ್ಛೆಗೆ ಅದರಲ್ಲಿ ಜಾಗವಿಲ್ಲ.

ಇಂಟರ್ನೆಟ್ ಆರ್ಕೈವ್ ಇದೆಯಲ್ಲ, ಎಲ್ಲವನ್ನೂ ಅವರು ಉಳಿಸುತ್ತಾರೆ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. 1996ರಲ್ಲಿ ಬ್ರೂಸ್ಟರ್ ಕೇಲ್ ಶುರುಮಾಡಿದ ಆ ಸಂಸ್ಥೆಗೆ ಲೋಕವೇ ಋಣಿ. ಆದರೆ ಅದರ ಯಂತ್ರ ಲಾಗಿನ್ ಗೋಡೆಯ ಒಳಗೆ ಹೋಗುವುದಿಲ್ಲ. ಹತ್ತು ಪುಟದ ಚರ್ಚೆಯಲ್ಲಿ ಮೊದಲ ಪುಟ ಹಿಡಿದು ಉಳಿದದ್ದನ್ನು ಬಿಟ್ಟಿರುವುದೂ ಉಂಟು. 2017ರ ಆಗಸ್ಟಿನಲ್ಲಿ ಸಿನಿಮಾ ಕಳ್ಳಪ್ರತಿಯ ಮೊಕದ್ದಮೆಯೊಂದರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಿಂದ ಭಾರತದಲ್ಲಿ ಅದು ಕೆಲಕಾಲ ತೆರೆಯದಂತಾಗಿತ್ತು. 2024ರ ಅಕ್ಟೋಬರಿನಲ್ಲಿ ದಾಳಿಗೆ ಸಿಕ್ಕಿ ದಿನಗಟ್ಟಲೆ ನಿಂತಿತ್ತು. ಒಂದೇ ಕಡೆ ಇಟ್ಟದ್ದು ಉಳಿದಂತಲ್ಲ. ಇನ್ನು ಯಾಹೂ ಗುಂಪುಗಳನ್ನು ಉಳಿಸಲು ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರು ಗಡುವಿನ ವಿರುದ್ಧ ಓಡಿ ಸಾಕಷ್ಟನ್ನು ಹಿಡಿದರು. ಆದರೆ ಯಾವ ಕನ್ನಡ ಗುಂಪು ಮುಖ್ಯ ಎಂದು ಅವರಿಗೆ ಹೇಳಬೇಕಾದವರು ನಾವು.

ನಮ್ಮಲ್ಲಿ ಕಾನೂನಿನ ಆಸರೆಯೂ ಇಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಅಚ್ಚಾದ ಪ್ರತಿ ಪುಸ್ತಕವೂ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿ ನಾಲ್ಕು ಗ್ರಂಥಾಲಯಗಳಿಗೆ ಹೋಗಬೇಕು. ನೂರು ಪ್ರತಿ ಅಚ್ಚಾದ ಸ್ಮರಣ ಸಂಚಿಕೆಗೆ ಸಿಗುವ ಈ ರಕ್ಷಣೆ ಲಕ್ಷ ಜನ ಓದಿದ ಜಾಲದ ಚರ್ಚೆಗೆ ಸಿಗುವುದಿಲ್ಲ. ಬ್ರಿಟನ್ 2013ರಲ್ಲೇ ತನ್ನ ಇಂಥ ಕಾನೂನನ್ನು ಜಾಲಪುಟಗಳಿಗೂ ವಿಸ್ತರಿಸಿತು. ಕಾನೂನು ಬರುವ ತನಕ ಕಾಯುತ್ತ ಕೂರುವುದೂ ಬೇಡ. ವಿಜಯನಗರ ಜಿಲ್ಲೆಯಲ್ಲೇ, ಹಂಪಿಯಲ್ಲಿ, ಕನ್ನಡ ವಿಶ್ವವಿದ್ಯಾಲಯವಿದೆ. 1991ರಲ್ಲಿ ಶುರುವಾದಾಗಿನಿಂದ ಹಸ್ತಪ್ರತಿಗಳನ್ನು ಕೂಡಿಹಾಕಿದೆ, ಮೌಖಿಕ ಕಾವ್ಯಗಳನ್ನು ಹಾಡುವವರ ಬಾಯಿಂದ ಬರೆಸಿ ಅಚ್ಚು ಹಾಕಿಸಿದೆ. ಜನರ ಮಾತು ಪಾಂಡಿತ್ಯಕ್ಕೆ ಸಮ ಎಂದು ಒಪ್ಪಿದ ಸಂಸ್ಥೆ ಅದು. ಮುಚ್ಚುವ ಕನ್ನಡ ತಾಣಗಳ ಚರ್ಚೆಯನ್ನು ಠೇವಣಿಯಾಗಿ ತೆಗೆದುಕೊಳ್ಳುವ ಒಂದು ಚಿಕ್ಕ ವಿಭಾಗವನ್ನು ಅಲ್ಲಿ ತೆರೆಯಲು ದೊಡ್ಡ ಅನುದಾನ ಬೇಕಿಲ್ಲ. ತಾಣದವರು ಕೊಡಬೇಕಾದ್ದೂ ಹೆಚ್ಚಿಲ್ಲ. ಸಾದಾ ಪುಟಗಳ ಒಂದು ಗಂಟು, ಗುಪ್ತಪದ ಮತ್ತು ಇಮೇಲುಗಳನ್ನು ತೆಗೆದ ಡೇಟಾಬೇಸ್, ಫಾಂಟಿನ ಕನ್ನಡವಾದರೆ ಆ ಫಾಂಟಿನ ಕಡತ, ತಾಣ ಯಾವಾಗ ಶುರುವಾಯಿತು, ಯಾವ ನಿಯಮದಲ್ಲಿ ನಡೆಯಿತು, ಯಾವ ಬಗೆಯ ಮಾತನ್ನು ನಿರ್ವಾಹಕರು ತೆಗೆದುಹಾಕುತ್ತಿದ್ದರು ಎಂದು ವಿವರಿಸುವ ಎರಡು ಪುಟದ ಟಿಪ್ಪಣಿ. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಉಳಿದದ್ದನ್ನು ನಂಬಬೇಕಾದರೆ ಅಳಿಸಿದ್ದು ಎಂಥದು ಎಂದು ಓದುವವನಿಗೆ ಗೊತ್ತಿರಬೇಕು.

ವಾಟ್ಸಾಪಿನ ಪ್ರಶ್ನೆ ಇವೆಲ್ಲಕ್ಕಿಂತ ಕಠಿಣ, ಏಕೆಂದರೆ ಹಳ್ಳಿಗಳ ಚರ್ಚೆ ಈಗ ನಡೆಯುವುದು ಅಲ್ಲೇ. ಅಲ್ಲಿ ಮುಚ್ಚಬೇಕಾದ ತಾಣವಿಲ್ಲ, ಮಾತು ಸದಸ್ಯರ ಫೋನುಗಳಲ್ಲೇ ಇರುತ್ತದೆ, ಫೋನು ಕೆಟ್ಟರೆ ಹೋಗುತ್ತದೆ. ಅದು ಖಾಸಗಿ ಜಾಗ, ಹೊರಗಿನವರು ಕೈಹಾಕಬಾರದು. ಆದರೆ ಕೆರೆ ಹೂಳೆತ್ತುವ ಸಮಿತಿ, ರೈತ ಉತ್ಪಾದಕರ ಕಂಪನಿ, ಜಾತ್ರಾ ಸಮಿತಿ ಇಂಥವುಗಳ ಗುಂಪುಗಳಲ್ಲಿ ಊರಿನ ಹಣ, ಊರಿನ ಕೆಲಸದ ಮಾತು ನಡೆಯುತ್ತದೆ. ಸದಸ್ಯರು ಒಪ್ಪಿದರೆ ಅಡ್ಮಿನ್ ವರ್ಷಕ್ಕೊಮ್ಮೆ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಸಾದಾ ಬರಹದ ಕಡತವಾಗಿ ಇಡಬಹುದು. ಅದರಲ್ಲಿ ತಾರೀಖು, ಹೊತ್ತು, ಹೆಸರು, ಮಾತು ಇರುತ್ತವೆ. ಯಾವ ಮಾತು ಯಾವುದಕ್ಕೆ ಉತ್ತರ ಎಂಬುದು ಮಾತ್ರ ಬರುವುದಿಲ್ಲ. ಆದ್ದರಿಂದ ಮುಖ್ಯ ತೀರ್ಮಾನದ ಚರ್ಚೆಯಲ್ಲಿ ಉತ್ತರ ಕೊಡುವವರು ಯಾರ ಮಾತಿಗೆ, ಯಾವ ವಿಷಯಕ್ಕೆ ಎಂದು ಒಂದು ಪದ ಸೇರಿಸಿ ಬರೆಯುವ ರೂಢಿ ಮಾಡಿಕೊಂಡರೆ ಮುಂದೆ ಓದುವವರಿಗೆ ದಾರಿ ತಪ್ಪುವುದಿಲ್ಲ.